ಪೊರೆ ಬಲಿಯಲಿ ಎಂದು ಕಾಯಬೇಡಿ

“ಪೊರೆ ಇನ್ನೂ ಬಲಿತಿಲ್ಲ. ಬಲಿತ ಮೇಲೆ ತೆಗೆಸಿದರಾಯ್ತು.”

ಮಲೆನಾಡಿನ ಮನೆಗಳ ಜಗಲಿಯಲ್ಲಿ ಈ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಹೇಳುವವರು ಏನೂ ತಿಳಿಯದವರಲ್ಲ. ಅಡಿಕೆಗೆ ಕೊಳೆರೋಗ ಬರುವ ಮೊದಲೇ ಬೋರ್ಡೊ ದ್ರಾವಣ ಹೊಡೆಸಬೇಕು ಎಂದು ಬಲ್ಲವರು. ರೋಗ ಬಲಿಯಲಿ, ಆಮೇಲೆ ನೋಡೋಣ ಎಂದು ತೋಟದ ಮಟ್ಟಿಗೆ ಯಾರೂ ಸುಮ್ಮನೆ ಕೂತವರಿಲ್ಲ. ಮನೆಯ ಹಿರಿಯರ ಕಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಆ ತಿಳಿವಳಿಕೆ ಕೆಲಸಕ್ಕೆ ಬರುವುದಿಲ್ಲ. ಎದುರಿಗೆ ಬಂದವರನ್ನು ಅಜ್ಜ ದನಿಯಿಂದ ಗುರುತು ಹಿಡಿಯುವ ತನಕ, ಅಜ್ಜಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವ ತನಕ ಕಾಯುತ್ತೇವೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನನ್ನು ಶಿವಮೊಗ್ಗದ ಕಣ್ಣಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿ, ಪೊರೆ ತೆಗೆಸಿಕೊಂಡು ಬಂದ ಮೇಲೆ ಈ ಕಾಯುವ ಅಭ್ಯಾಸದ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಶಸ್ತ್ರಚಿಕಿತ್ಸೆ ಮುಗಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಅವರನ್ನು ಮನೆಯಿಂದ ಹೊರಡಿಸಲು ಹಿಡಿದ ಕಾಲವೇ ದೊಡ್ಡದು.

ದೊಡ್ಡಮ್ಮನ ಕಣ್ಣು ಮಂಜಾಗುತ್ತಿದೆ ಎಂಬುದಕ್ಕೆ ಗುರುತುಗಳು ಬೇಕಾದಷ್ಟಿದ್ದವು. ಸಂಜೆಯ ಹೊತ್ತು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ಬಿಟ್ಟರು. ಕೇಳಿದರೆ “ಕರೆಂಟು ಮಂಕಾಗಿದೆ” ಅನ್ನುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಸೊಸೆಗೆ ಬಿಟ್ಟುಕೊಟ್ಟರು. ರಾತ್ರಿ ಕಾರಿನಲ್ಲಿ ಬರುವಾಗ ಎದುರಿನ ಗಾಡಿಯ ದೀಪ ಚೂರುಚೂರಾಗಿ ಚೆಲ್ಲಿದ ಹಾಗೆ ಕಾಣುತ್ತದೆಂದು ಸೆರಗು ಅಡ್ಡ ಹಿಡಿಯುತ್ತಿದ್ದರು. ನಡುವೆ ಒಂದು ವಿಚಿತ್ರವೂ ನಡೆಯಿತು. ವರ್ಷಗಟ್ಟಲೆ ಕನ್ನಡಕವಿಲ್ಲದೆ ಒಂದಕ್ಷರ ಓದಲಾಗದಿದ್ದವರು ಒಂದು ದಿನ ಬರಿಗಣ್ಣಿನಲ್ಲೇ ಪಂಚಾಂಗ ಓದಿಬಿಟ್ಟರು. ಮನೆಯವರಿಗೆಲ್ಲ ಖುಷಿ. “ನೋಡಿ, ಕಣ್ಣು ತಾನಾಗೇ ಸರಿಯಾಯ್ತು” ಎಂದು ದೊಡ್ಡಮ್ಮ ಊರಿಗೆಲ್ಲ ಹೇಳಿದರು.

ಸರಿಯಾಗಿರಲಿಲ್ಲ. ಅದು ಪೊರೆಯದೇ ಒಂದು ಹಂತ. ಪಾಪೆಯ ಹಿಂದೆ ಇರುವ ಮಸೂರ ಹುಟ್ಟುವಾಗ ನೀರಿನಷ್ಟು ತಿಳಿ. ಒಂದು ಬಗೆಯ ಪ್ರೋಟೀನು ಬಲು ಅಚ್ಚುಕಟ್ಟಾಗಿ ಜೋಡಣೆಯಾಗಿರುವುದರಿಂದ ಬೆಳಕು ಅದರೊಳಗೆ ತಡೆಯಿಲ್ಲದೆ ದಾಟುತ್ತದೆ. ವಯಸ್ಸಾದಂತೆ ಆ ಪ್ರೋಟೀನು ಗಂಟುಗಂಟಾಗಿ, ಮಸೂರ ಹಳದಿಗೆ ತಿರುಗಿ, ಗಟ್ಟಿಯಾಗುತ್ತ ಹೋಗುತ್ತದೆ. ನಡುಭಾಗ ಗಟ್ಟಿಯಾದಾಗ ಮಸೂರದ ಪವರ್ ಬದಲಾಗಿ, ದೂರದ್ದು ಮಸುಕಾದರೂ ಹತ್ತಿರದ್ದು ಕೆಲವು ಕಾಲ ಸ್ಪಷ್ಟವಾಗಿ ಕಾಣಿಸುತ್ತದೆ. ಎಪ್ಪತ್ತರ ಅಜ್ಜ ಇದ್ದಕ್ಕಿದ್ದಂತೆ ಕನ್ನಡಕ ಬಿಟ್ಟು ಪೇಪರು ಓದತೊಡಗಿದರೆ ಹಿಗ್ಗುವ ಬದಲು ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಇರುವವರಿಗೆ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಪೊರೆ ಬೇಗ ಬರಬಹುದು.

ಪೊರೆ ಕಣ್ಣಿನ ಮೇಲೆ ಬೆಳೆಯುವ ಪದರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗಿಯೇ ಜೇನುತುಪ್ಪ, ಈರುಳ್ಳಿ ರಸ, ಯಾವುದೋ ಸೊಪ್ಪಿನ ರಸ ಹಿಂಡುವವರು ಇಂದಿಗೂ ಇದ್ದಾರೆ. ಮಬ್ಬಾಗಿರುವುದು ಒಳಗಿನ ಮಸೂರ. ಹೊರಗಿನಿಂದ ಹಾಕಿದ ಯಾವ ಹನಿಯೂ ಅದನ್ನು ತಿಳಿ ಮಾಡಲಾರದು. ಆ ರಸಗಳಿಂದ ಕಣ್ಣಿನ ಹೊರಪದರವಾದ ಕಾರ್ನಿಯಾ ಸುಟ್ಟು ಹುಣ್ಣಾದರೆ ಇರುವ ದೃಷ್ಟಿಯೂ ಹೋಗುತ್ತದೆ. ಪೊರೆಗೆ ಇರುವ ಮದ್ದು ಒಂದೇ, ಶಸ್ತ್ರಚಿಕಿತ್ಸೆ.

ಹಾಗಾದರೆ ಬಲಿಯಬೇಕು ಎಂಬ ನಂಬಿಕೆ ಎಲ್ಲಿಂದ ಬಂತು? ಅದು ಸುಳ್ಳಲ್ಲ, ಹಳೆಯ ಕಾಲದ ನಿಜ. ಸುಶ್ರುತ ಸಂಹಿತೆಯಲ್ಲಿ ಪೊರೆಗೆ ಶಸ್ತ್ರಚಿಕಿತ್ಸೆಯ ವಿವರಣೆ ಇದೆ. ಶಲಾಕೆಯಿಂದ ಮಬ್ಬಾದ ಮಸೂರವನ್ನು ಬೆಳಕಿನ ದಾರಿಯಿಂದ ಪಕ್ಕಕ್ಕೆ ತಳ್ಳುವ ವಿಧಾನ ನಮ್ಮ ದೇಶದಲ್ಲಿ ಶತಮಾನಗಳ ಕಾಲ ನಡೆದುಬಂತು. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಕಣ್ಣನ್ನು ಅರ್ಧ ಸುತ್ತಿನಷ್ಟು ಕುಯ್ದು, ಹೊಲಿಗೆ ಹಾಕಿ, ತಲೆ ಅಲುಗದ ಹಾಗೆ ಎರಡೂ ಕಡೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು. ಒಳಗೆ ಬೇರೆ ಮಸೂರ ಹಾಕುವ ವಿದ್ಯೆ ಇರಲಿಲ್ಲ. ಉಳಿದ ಜೀವನವೆಲ್ಲ ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿಕೊಂಡರೆ ವಸ್ತುಗಳೆಲ್ಲ ದಪ್ಪಗೆ, ಹತ್ತಿರಕ್ಕೆ ಬಂದಂತೆ ಕಾಣುತ್ತಿದ್ದವು, ಮೆಟ್ಟಿಲಿಳಿಯಲು ಭಯ. ಅಂಥ ಶಸ್ತ್ರಚಿಕಿತ್ಸೆಗೆ ವೈದ್ಯರೂ ಅವಸರ ಮಾಡುತ್ತಿರಲಿಲ್ಲ. ದೃಷ್ಟಿ ಪೂರ್ತಿ ಹೋಗುವ ಹಂತಕ್ಕೆ ಬರಲಿ ಎಂದೇ ಹೇಳುತ್ತಿದ್ದರು.

ಆ ಕಾಲದಲ್ಲಿ ಈ ನಾಡಿನ ಹಳ್ಳಿಹಳ್ಳಿಗೆ ದೃಷ್ಟಿ ಕೊಂಡೊಯ್ದ ಹೆಸರೆಂದರೆ ಡಾ. ಎಂ.ಸಿ. ಮೋದಿ. ಬೀಳಗಿಯ ಮುರಿಗೆಪ್ಪ ಚನ್ನವೀರಪ್ಪ ಮೋದಿ. 1940ರ ದಶಕದಿಂದ ಊರೂರು ಸುತ್ತಿ ಉಚಿತ ನೇತ್ರ ಶಿಬಿರ ನಡೆಸಿದರು. ಶಾಲೆಯ ಕೋಣೆ, ಛತ್ರ, ಮಠ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ಪುಸ್ತಕ ಸೇರಿತು. ಅದೇ ಪುಸ್ತಕದ ಲೆಕ್ಕದ ಪ್ರಕಾರ 1993ರ ಹೊತ್ತಿಗೆ ಅವರು ಮಾಡಿದ್ದ ಶಸ್ತ್ರಚಿಕಿತ್ಸೆಗಳು ಆರು ಲಕ್ಷಕ್ಕೂ ಹೆಚ್ಚು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಅವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡವರನ್ನು ನೆನೆಯುವ ಮನೆಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇವೆ. ಅಂಥ ಶಿಬಿರದ ಶಸ್ತ್ರಚಿಕಿತ್ಸೆಗಳ ಕಾಲ ಮುಗಿಯಿತು. ಸೋಂಕಿನ ಭಯದಿಂದ ಈಗ ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಥಿಯೇಟರಿನಲ್ಲೇ. ಆದರೆ ರೋಗಿ ಬರಲಾರದಿದ್ದರೆ ವೈದ್ಯರೇ ಅವನ ಬಾಗಿಲಿಗೆ ಹೋಗಬೇಕು ಎಂಬ ಅವರ ಹಟ ನಮಗೆ ಈಗಲೂ ಬೇಕು.

ಕಾಲ ಬದಲಾದದ್ದು ಮಸೂರದಿಂದ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟನ್ನಿನ ಪೈಲಟ್‌ಗಳ ಕಣ್ಣಿನೊಳಗೆ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರು ಹೊಕ್ಕಿದ್ದರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿನಲ್ಲಿ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಹಲ್ಲು ಶುಚಿ ಮಾಡುವ ಅಲ್ಟ್ರಾಸೌಂಡ್ ಉಪಕರಣ ನೋಡಿ, ಅದೇ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರಬಹುದು ಎಂದು ತೋರಿಸಿದರು. ಇವೆರಡೂ ಬಡವರ ಕೈಗೆ ಎಟುಕಿದ್ದು ನಮ್ಮ ಪಕ್ಕದ ರಾಜ್ಯದಿಂದ. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಯ ಅರವಿಂದ್ ಕಣ್ಣಾಸ್ಪತ್ರೆ ಶುರುಮಾಡಿದರು. ಅದೇ ಸಂಸ್ಥೆ 1992ರಲ್ಲಿ ಅರೋಲ್ಯಾಬ್ ಕಟ್ಟಿ, ಹೊರದೇಶದ ಬೆಲೆಯ ಸಣ್ಣದೊಂದು ಪಾಲಿಗೆ ಮಸೂರ ತಯಾರಿಸತೊಡಗಿತು. ಅಲ್ಲಿಂದಾಚೆಗೆ ಸೋಡಾಬುಡ್ಡಿ ಕನ್ನಡಕ ಹಳ್ಳಿಗಳಿಂದಲೂ ಮರೆಯಾಯಿತು.

ಈಗ ಆಸ್ಪತ್ರೆಯ ಕಡೆಗೆ ಬರೋಣ. ನಾವು ಹೋದ ಬೆಳಿಗ್ಗೆ ಓಪಿಡಿಯ ಬಾಗಿಲು ತೆಗೆಯುವ ಮೊದಲೇ ಮೊದಲ ಬಸ್ಸಿಗೆ ಬಂದವರ ಸಾಲು ಇತ್ತು. ಹೊಸನಗರ, ಸಾಗರ, ಚನ್ನಗಿರಿ, ಕಡೂರು ಕಡೆಯವರು. ಒಬ್ಬೊಬ್ಬರ ಕೈಯಲ್ಲೂ ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಶುಗರ್ ಮಾತ್ರೆಯ ಚೀಟಿ ಇರುವ ಪ್ಲಾಸ್ಟಿಕ್ ಕವರ್. ಸಾಲಿನಲ್ಲಿದ್ದ ಗಂಡಸರ ಜೊತೆ ಹೆಂಡತಿಯೋ ಮಗಳೋ ಬಂದಿದ್ದರು. ಹೆಂಗಸರಲ್ಲಿ ಹೆಚ್ಚಿನವರು ಇನ್ನೊಬ್ಬ ಹೆಂಗಸಿನ ಜೊತೆ ಬಂದವರು. ನಮ್ಮ ಪಕ್ಕ ಕೂತಿದ್ದ ಒಬ್ಬ ತಾಯಿ ಒಂದು ಕಣ್ಣು ಪೂರ್ತಿ ಬಿಳಿಯಾದ ಮೇಲೆ ಬಂದಿದ್ದರು. “ಹೋದ ವರ್ಷ ಕೊಯ್ಲು, ಅದರ ಹಿಂದಿನ ವರ್ಷ ಮಗಳ ಬಾಣಂತನ. ನಾನು ಆಸ್ಪತ್ರೆ ಸೇರಿದ್ರೆ ದನಕ್ಕೆ ಹುಲ್ಲು ಹಾಕೋರು ಯಾರು?” ಎಂದರು. ದೂರು ಹೇಳುವ ದನಿಯಲ್ಲಿ ಅಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ.

ತಪಾಸಣೆ ಕೋಣೆಯಿಂದ ಕೋಣೆಗೆ ಸಾಗುತ್ತದೆ. ಮೊದಲು ಗೋಡೆಯ ಮೇಲಿನ ಅಕ್ಷರ. ಕನ್ನಡ ಓದುವವರಿಗೆ ಕನ್ನಡದ ಪಟ್ಟಿ, ಓದು ಬಾರದವರಿಗೆ ಬಾಚಣಿಗೆಯಂಥ ಗುರುತಿನ ಹಲ್ಲು ಯಾವ ದಿಕ್ಕಿಗಿದೆ ಎಂದು ಬೆರಳಿನಲ್ಲಿ ತೋರಿಸುವ ಪಟ್ಟಿ. ಆಮೇಲೆ ಕಣ್ಣಿನ ಒತ್ತಡ. ಕಣ್ಣೀರಿನ ನಾಳ ಕಟ್ಟಿಕೊಂಡಿದೆಯೇ ಎಂದು ನೋಡಲು ಉಪ್ಪುನೀರು ಹಾಯಿಸುತ್ತಾರೆ. ಅದು ಗಂಟಲಿಗೆ ಇಳಿದು ಉಪ್ಪೆನಿಸಿದರೆ ದಾರಿ ಸರಿಯಿದೆ ಎಂದರ್ಥ. ನಾಳದಲ್ಲಿ ಕೀವಿದ್ದರೆ ಮೊದಲು ಅದು ವಾಸಿಯಾಗಬೇಕು, ಇಲ್ಲದಿದ್ದರೆ ಸೋಂಕು ಕಣ್ಣಿನೊಳಗೆ ಹೋಗುತ್ತದೆ. ನಂತರ ಪಾಪೆ ಅಗಲವಾಗಲು ಹನಿ ಹಾಕಿ ಕೂರಿಸುತ್ತಾರೆ. ಪಾಪೆ ಅಗಲವಾದ ಮೇಲೆ ವೈದ್ಯರು ಹಿಂದಿನ ಅಕ್ಷಿಪಟಲ ನೋಡುತ್ತಾರೆ. ಅದು ಸಕ್ಕರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಹಾಳಾಗಿದ್ದರೆ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಮರಳುವುದಿಲ್ಲ. ಇದನ್ನು ವೈದ್ಯರು ಮುಂಚಿತವಾಗಿ ಹೇಳಬೇಕು, ನಾವು ಮುಂಚಿತವಾಗಿ ಕೇಳಬೇಕು. ಕೊನೆಗೆ ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಬಾಗು ಅಳೆಯುತ್ತಾರೆ. ಯಾವ ಪವರಿನ ಮಸೂರ ಹಾಕಬೇಕು ಎಂಬುದು ಈ ಅಳತೆಯಿಂದ ಗೊತ್ತಾಗುತ್ತದೆ. ಇದರಲ್ಲಿ ಸ್ವಲ್ಪ ಏರುಪೇರಾದರೂ ಆಮೇಲೆ ಕನ್ನಡಕದ ನಂಬರು ಹೆಚ್ಚುತ್ತದೆ. ಆದ್ದರಿಂದ ಅಳೆಯುವ ಹುಡುಗಿ “ಅಜ್ಜೀ, ಗಲ್ಲ ಇಲ್ಲಿಡಿ, ಅಲುಗಬೇಡಿ” ಎಂದು ಎಷ್ಟು ಸಲ ಹೇಳಿದರೂ ಬೇಸರಪಟ್ಟುಕೊಳ್ಳಬಾರದು.

ಜೊತೆಗೆ ಬಿಪಿ, ಶುಗರ್, ಇಸಿಜಿ, ರಕ್ತ ಪರೀಕ್ಷೆ. ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ತೋರಿಸುವುದು ಮುಖ್ಯ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಬೇಕು ಎಂಬುದು ಹಲವರಿಗೆ ಗೊತ್ತು. ಪ್ರಾಸ್ಟೇಟ್ ತೊಂದರೆಗೆ ಗಂಡಸರು ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಮಾತ್ರೆಯನ್ನೂ ಹೇಳಬೇಕು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ಶಸ್ತ್ರಚಿಕಿತ್ಸೆಯ ನಡುವೆ ತೊಂದರೆ ಕೊಡುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ಸಿದ್ಧರಾಗಿರುತ್ತಾರೆ.

ಕಾಯುವ ಕೋಣೆಯ ಗೋಡೆಯ ಮೇಲೆ ನೇತ್ರದಾನದ ಪೋಸ್ಟರ್ ಇತ್ತು. ಅದನ್ನು ನೋಡಿ ದೊಡ್ಡಮ್ಮ ಮೆಲ್ಲಗೆ ಕೇಳಿದರು: “ರಾಜ್‌ಕುಮಾರ್ ಕಣ್ಣು ಕೊಟ್ಟಿದ್ರಲ್ಲ, ಹಂಗೆ ನಂಗೂ ಬೇರೆಯೋರ ಕಣ್ಣು ಹಾಕ್ತಾರೇನೋ?” ಈ ಅನುಮಾನ ಅವರೊಬ್ಬರದ್ದಲ್ಲ. 2006ರಲ್ಲಿ ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ಬೇರೆಯವರಿಗೆ ದೃಷ್ಟಿ ಬಂದದ್ದು ಕಾರ್ನಿಯಾದಿಂದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಿಂದ. ಪೊರೆಗೆ ಬೇಕಾಗುವುದು ತಯಾರಿಸಿದ ಮಸೂರ. ಯಾರ ದಾನಕ್ಕೂ ಕಾಯಬೇಕಿಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೊರೆ ತೆಗೆಸಿಕೊಂಡವರೂ ಸತ್ತ ಮೇಲೆ ಕಣ್ಣು ದಾನ ಮಾಡಬಹುದು.

ಮಸೂರದ ಆಯ್ಕೆ ಬಂದಾಗ ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಕೌನ್ಸೆಲರ್ ಮುಂದಿಡುವ ಪಟ್ಟಿಯಲ್ಲಿ ಸ್ವದೇಶಿ, ವಿದೇಶಿ, ದೂರ ಮತ್ತು ಹತ್ತಿರ ಎರಡೂ ಕಾಣುವುದು, ಅಡ್ಡ ಪವರ್ ಸರಿಪಡಿಸುವುದು, ಹೀಗೆ ಬೆಲೆ ಏರುತ್ತ ಹೋಗುತ್ತದೆ. ದುಬಾರಿಯದನ್ನು ಹಾಕಿಸದಿದ್ದರೆ ಹಿರಿಯರಿಗೆ ಅನ್ಯಾಯ ಮಾಡಿದಂತೆ ಅನ್ನಿಸುತ್ತದೆ. ಸಾಲ ಮಾಡಿ ಹಾಕಿಸಿದವರನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯ ಸ್ಪಷ್ಟ. ದೂರದ್ದು ಚೆನ್ನಾಗಿ ಕಾಣುವಂತೆ ಮಾಡುವ ಸಾಮಾನ್ಯ ಮಸೂರ ನಮ್ಮ ಹಳ್ಳಿಯ ಹಿರಿಯರಲ್ಲಿ ಹೆಚ್ಚಿನವರಿಗೆ ಸಾಕು. ಓದಲು, ಸೂಜಿಗೆ ದಾರ ಪೋಣಿಸಲು ಒಂದು ಸಣ್ಣ ಕನ್ನಡಕ ಬೇಕಾಗುತ್ತದೆ, ಅಷ್ಟೆ. ಎರಡೂ ಕಾಣುವ ಮಸೂರದಲ್ಲಿ ರಾತ್ರಿ ದೀಪದ ಸುತ್ತ ಬಳೆ ಕಾಣಿಸುವ ತೊಂದರೆಯೂ ಕೆಲವರಿಗಿದೆ. ಹಣವಿಲ್ಲ ಎಂದು ವರ್ಷ ಮುಂದೂಡುವುದಕ್ಕಿಂತ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಮಸೂರ ಎಷ್ಟೋ ಮೇಲು.

“ಲೇಸರ್ ಆಪರೇಷನ್ನಾ?” ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. ಕೆಲ್ಮನ್ ತೋರಿಸಿದ ಈ ಫೇಕೊ ವಿಧಾನದಲ್ಲಿ ಕೆಲಸ ಮಾಡುವುದು ಅಲ್ಟ್ರಾಸೌಂಡ್. ಮೂರು ಮಿಲಿಮೀಟರಿಗಿಂತ ಚಿಕ್ಕ ರಂಧ್ರದಿಂದ ಸಣ್ಣ ಸೂಜಿ ಒಳಹೋಗಿ ಪೊರೆಯನ್ನು ಪುಡಿ ಮಾಡಿ ಹೀರುತ್ತದೆ. ಮಡಚಿದ ಮಸೂರ ಅದೇ ದಾರಿಯಲ್ಲಿ ಒಳಹೋಗಿ, ಹಳೆಯ ಮಸೂರದ ಚೀಲದೊಳಗೇ ಬಿಚ್ಚಿಕೊಂಡು ಕೂರುತ್ತದೆ. ಪೊರೆ ತೀರಾ ಗಟ್ಟಿಯಾಗಿದ್ದರೆ ಆರೇಳು ಮಿಲಿಮೀಟರಿನ ಸುರಂಗದಂಥ ದಾರಿ ಮಾಡಿ ಇಡಿಯಾಗಿ ಹೊರತೆಗೆಯುವ ವಿಧಾನವಿದೆ. ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ, ದುಬಾರಿ ಯಂತ್ರವೂ ಬೇಡ. ನಮ್ಮ ದೇಶದ ಉಚಿತ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲನ್ನು ಹೊತ್ತು ನಡೆಸಿದ್ದು ಈ ಎರಡನೆಯ ವಿಧಾನವೇ. ನುರಿತ ಕೈಯಲ್ಲಿ ಅದರ ಫಲಿತಾಂಶ ಫೇಕೊಗಿಂತ ಕಡಿಮೆಯೇನಲ್ಲ. ಬಡವರಿಗೆ ಕಳಪೆ ಚಿಕಿತ್ಸೆ ಮಾಡುತ್ತಾರೆ ಎಂದು ಅದನ್ನು ಹಳಿಯುವುದು ತಪ್ಪು.

ಕಾದಷ್ಟೂ ಪೊರೆ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟವಾಗುತ್ತದೆ. ಅತಿಯಾಗಿ ಬಲಿತ ಪೊರೆ ಊದಿಕೊಂಡು ಅಥವಾ ಕರಗಿ ಸೋರಿ ಕಣ್ಣಿನ ಒತ್ತಡ ಏರಿಸುತ್ತದೆ. ಆಗ ವಿಪರೀತ ನೋವು, ಕೆಂಪು, ವಾಂತಿ. ಆ ಒತ್ತಡ ಕಣ್ಣಿನ ನರವನ್ನು ಕೊಂದರೆ ಆಮೇಲೆ ಯಾವ ಮಸೂರ ಹಾಕಿದರೂ ಬೆಳಕು ಬಾರದು. ಇಂದಿನ ವೈದ್ಯರು ಕೇಳುವ ಪ್ರಶ್ನೆ ಪೊರೆ ಎಷ್ಟು ಬಲಿತಿದೆ ಎಂಬುದಲ್ಲ. ನಿಮ್ಮ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದು.

ಶಸ್ತ್ರಚಿಕಿತ್ಸೆಯ ನಂತರದ ಕಾಲ ಸುಲಭ, ಆದರೆ ಸಡಿಲ ಬಿಡುವಂಥದ್ದಲ್ಲ. ಹನಿಗಳನ್ನು ವೈದ್ಯರು ಬರೆದಂತೆ ತಿಂಗಳು, ಒಂದೂವರೆ ತಿಂಗಳು ಹಾಕಬೇಕು. ಹಾಕುವವರು ಪ್ರತಿಸಲ ಕೈ ತೊಳೆಯಬೇಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ವೈದ್ಯರು ಹೇಳುವ ತನಕ ತಲೆಗೆ ನೀರು ಬೇಡ, ಕಣ್ಣು ಉಜ್ಜುವುದು ಬೇಡ, ಭಾರ ಎತ್ತುವುದು ಬೇಡ. ಮಲೆನಾಡಿನ ಅಡುಗೆಮನೆಯ ಹೊಗೆಯಿಂದ ದೂರ ಇರಬೇಕು. ಹೆಂಗಸರಿಗೆ ಇದೇ ಕಷ್ಟದ ಪಥ್ಯ. ಕಣ್ಣು ನೋಯತೊಡಗಿದರೆ, ಕೆಂಪಾಗುತ್ತ ಹೋದರೆ, ನಿನ್ನೆ ಕಂಡಷ್ಟು ಇವತ್ತು ಕಾಣದಿದ್ದರೆ ನಾಳೆ ನೋಡೋಣ ಎನ್ನದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಒಳಗೆ ಸೋಂಕಾಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಬ್ಬಾದರೆ ಹೆದರಬೇಕಿಲ್ಲ. ಪೊರೆ ಮತ್ತೆ ಬರುವುದಿಲ್ಲ, ಮಸೂರದ ಹಿಂದಿನ ಚೀಲ ಮಬ್ಬಾಗಿರುತ್ತದೆ. ಕೆಲವೇ ನಿಮಿಷದ ಲೇಸರಿನಿಂದ ಅದು ಸರಿಹೋಗುತ್ತದೆ. ಲೇಸರಿನ ಕೆಲಸ ಇರುವುದು ಅಲ್ಲಿ.

ಭಯಪಡುವವರಿಗೆ ಕಾರಣಗಳಿಲ್ಲ ಎಂದು ಹೇಳಲಾರೆ. 1896ರಲ್ಲಿ ಶುರುವಾಗಿ 1913ರಿಂದ ಈಗಿನ ಕಟ್ಟಡದಲ್ಲಿರುವ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ತಲೆಮಾರುಗಳ ಬಡವರಿಗೆ ದೃಷ್ಟಿ ಕೊಟ್ಟ ಜಾಗ. 2019ರ ಜುಲೈಯಲ್ಲಿ ಅಲ್ಲಿ ಪೊರೆ ತೆಗೆಸಿಕೊಂಡ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ತೊಂದರೆಯಾಗಿ ಕೆಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಗೆ ಬಳಸಿದ ದ್ರಾವಣದ ಮೇಲೆ ಅನುಮಾನ ಬಂತು. ಆ ಸುದ್ದಿ ಓದಿ ಎಷ್ಟೋ ಹಿರಿಯರು ಹಿಂದೆ ಸರಿದರು. ಅವರ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಬಡವರ ಕಣ್ಣಿಗೆ ಬಳಸುವ ಪ್ರತಿ ಬಾಟಲಿಗೂ ಲೆಕ್ಕ ಇಡುವ ಹೊಣೆ ಸರ್ಕಾರದ್ದು. ಆದರೆ ಇಂಥ ಅನಾಹುತ ಅಪರೂಪ, ಕಾಯುವುದರಿಂದ ಹೋಗುವ ದೃಷ್ಟಿ ದಿನದಿನದ್ದು.

ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುಮಾಡಿದ್ದು 1976ರಲ್ಲಿ. ಅದೇ ಕಾರ್ಯಕ್ರಮದಡಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ದಾಟಿದವರ ಅಂಧತ್ವದಲ್ಲಿ ಶೇ 66.2ಕ್ಕೆ ಪೊರೆಯೇ ಕಾರಣ ಎಂದು ಕಂಡುಬಂತು. ಅಂದರೆ ಕಣ್ಣು ಕಾಣದ ಮೂವರು ಹಿರಿಯರಲ್ಲಿ ಹೆಚ್ಚುಕಡಿಮೆ ಇಬ್ಬರು ಕಾಣಬಹುದಾಗಿದ್ದವರು. ಹಳ್ಳಿಯವರಲ್ಲಿ, ಓದದವರಲ್ಲಿ, ಹೆಂಗಸರಲ್ಲಿ ಈ ಕುರುಡು ಹೆಚ್ಚು. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಕಣ್ಣು ನೋಡುವ ಏರ್ಪಾಡು ಆಗಿದೆ. ಒಳ್ಳೆಯ ಹೆಜ್ಜೆ. ಆದರೆ ಚೀಟಿ ಬರೆದುಕೊಟ್ಟ ಮೇಲೆ ಅಜ್ಜಿಯನ್ನು ಬಸ್ಸು ಹತ್ತಿಸಬೇಕಾದವರು ಮನೆಯವರೇ.

ದೊಡ್ಡಮ್ಮ ಪಟ್ಟಿ ಬಿಚ್ಚಿದ ಬೆಳಿಗ್ಗೆ ಮೊದಲು ನೋಡಿದ್ದು ತಮ್ಮದೇ ಸೀರೆಯನ್ನು. “ಇದು ನೀಲಿಯಾ? ನಾ ಬೂದಿ ಬಣ್ಣ ಅಂದ್ಕಂಡಿದ್ದೆ ಮಾರಾಯ” ಎಂದರು. ಹಳದಿಯಾದ ಹಳೆಯ ಮಸೂರ ನೀಲಿಯನ್ನು ತಡೆದಿರುತ್ತದೆ, ಅದು ಹೋದ ಮೇಲೆ ನೀಲಿಯೇ ಎದ್ದು ಕಾಣುತ್ತದೆ ಎಂದು ವೈದ್ಯರು ವಿವರಿಸಿದರು. ದೊಡ್ಡಮ್ಮನ ಗಮನ ಅಷ್ಟರಲ್ಲಿ ನನ್ನ ಮುಖದ ಕಡೆ ತಿರುಗಿತ್ತು. ಇನ್ನೊಂದು ಕಣ್ಣಿಗೆ ಯಾವಾಗ ಎಂದು ಅವರೇ ಕೇಳಿದರು.

ಈ ವಾರ ನಿಮ್ಮ ಮನೆಯ ಹಿರಿಯರನ್ನು ಕೂರಿಸಿ ಒಂದು ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿಸಿ ಓದಿಸಿ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಹೋಗಿರುವುದು ಅವರಿಗೇ ಗೊತ್ತಿರುವುದಿಲ್ಲ. ತಡವರಿಸಿದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಪೊರೆ ಇದೆ ಎಂದರೆ ಜಿಲ್ಲಾ ಆಸ್ಪತ್ರೆಗೋ ಕಣ್ಣಾಸ್ಪತ್ರೆಗೋ ಅಲ್ಲಿಯವರೇ ಚೀಟಿ ಬರೆದುಕೊಡುತ್ತಾರೆ. ಮನೆಯಲ್ಲಿ ಗಂಡಸಿಗೂ ಹೆಂಗಸಿಗೂ ಪೊರೆ ಇದ್ದರೆ ಈ ಸಲ ಹೆಂಗಸನ್ನು ಮೊದಲು ಕರೆದುಕೊಂಡು ಹೋಗಿ. ಜೊತೆಗೆ ಹೋಗಲು ಒಬ್ಬರು ಬಿಡುವು ಮಾಡಿಕೊಳ್ಳಿ, ಉಳಿದದ್ದನ್ನು ಆಸ್ಪತ್ರೆ ನೋಡಿಕೊಳ್ಳುತ್ತದೆ.